ಕಣ್ಣಿನ ನವೆಗೆ ಒಲೊಪಟಡಿನ್ ಡ್ರಾಪ್ಸ್: ಹೊಲಿಗೆ ಅಂಗಡಿಯವಳ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮೇ ತಿಂಗಳ ಕೊನೆಯಿಂದ ಶಾಲೆ ಯೂನಿಫಾರಂ ಬಟ್ಟೆ ರಾಶಿ ಬೀಳುತ್ತದೆ. ಕತ್ತರಿ ಆಡಿಸಿದಷ್ಟೂ ನೂಲಿನ ಧೂಳು ಏಳುತ್ತದೆ. ಮಳೆ ಶುರುವಾದ ಮೇಲೆ ಪಕ್ಕದ ಖಾಲಿ ಸೈಟ್ ತುಂಬಾ ಕಾಂಗ್ರೆಸ್ ಗಿಡ ಹೂ ಬಿಡುತ್ತದೆ. ಆಗ ನನ್ನ ಕಣ್ಣಿಗೆ ತಡೆಯಲಾರದ ನವೆ. ನೀರು ಸುರಿಯುತ್ತದೆ, ರೆಪ್ಪೆ ಊದುತ್ತದೆ, ಸೂಜಿಗೆ ದಾರ ಪೋಣಿಸೋದೂ ಕಷ್ಟ. ಕಣ್ಣಿನ ಡಾಕ್ಟರ್ ನೋಡಿ, ಅಲರ್ಜಿ ಅಂತ ಹೇಳಿ, ಒಲೊಪಟಡಿನ್ 0.1 ಶೇಕಡಾ ಡ್ರಾಪ್ಸ್ ಬರೆದುಕೊಟ್ಟರು. ಈ ಸೀಸನ್ನಿನಲ್ಲಿ ನಾನು ಕೆಲಸ ನಿಲ್ಲಿಸದೆ ಕೂರುವುದು ಇದರಿಂದಲೇ.

ಹಾಕಿದ ಕೆಲವೇ ನಿಮಿಷಕ್ಕೆ ನವೆ ಇಳಿಯುತ್ತದೆ. ಧೂಳು, ಪರಾಗ ತಾಗಿದಾಗ ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪದರದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತವೆ. ನವೆ, ಕೆಂಪು ಎಲ್ಲ ಅದರದ್ದೇ ಕೆಲಸ. ಈ ಔಷಧ ಹಿಸ್ಟಮಿನ್ನನ್ನು ತಡೆಯುತ್ತದೆ, ಆ ಕೋಶಗಳು ಮತ್ತೆ ಅದನ್ನು ಬಿಡದ ಹಾಗೂ ನೋಡಿಕೊಳ್ಳುತ್ತದೆ. ಹಾಗಾಗಿ ನವೆ ಜಾಸ್ತಿ ಆದಾಗ ಮಾತ್ರ ಹಾಕುವುದಕ್ಕಿಂತ, ಸೀಸನ್ ಮುಗಿಯುವವರೆಗೆ ಡಾಕ್ಟರ್ ಹೇಳಿದಂತೆ ದಿನವೂ ಹಾಕಿದರೆ ಗುಣ ಚೆನ್ನಾಗಿ ಕಾಣುತ್ತದೆ. 0.1 ಶೇಕಡಾದ್ದನ್ನು ದಿನಕ್ಕೆ ಎರಡು ಸಲ, 6ರಿಂದ 8 ಗಂಟೆ ಬಿಟ್ಟು ಹಾಕಬೇಕು. 0.2 ಶೇಕಡಾದ್ದು ಬಂದರೆ ದಿನಕ್ಕೆ ಒಂದೇ ಸಲ. ಡಬ್ಬಿಗಳು ನೋಡೋಕೆ ಒಂದೇ ತರಹ ಇರುತ್ತವೆ, ಅಂಕಿ ನೋಡಿಯೇ ತಗೊಳ್ಳಿ.

ಕೊರತೆಯೂ ಇದೆ. ಹಾಕಿದ ಕೂಡಲೇ ಸ್ವಲ್ಪ ಉರಿಯುತ್ತದೆ, ಆಮೇಲೆ ಗಂಟಲಲ್ಲಿ ಕಹಿ. ಕಣ್ಣಿನ ಔಷಧ ಮೂಗಿನ ದಾರಿಯಲ್ಲಿ ಗಂಟಲಿಗೆ ಇಳಿಯುತ್ತದೆ, ಅದಕ್ಕೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದರೆ ಕಹಿ ಬಹಳ ಕಮ್ಮಿ. ಒಂದು ಕಣ್ಣಿಗೆ ಒಂದೇ ಹನಿ ಸಾಕು. ಎರಡನೇ ಹನಿ ಸುಮ್ನೆ ಕೆನ್ನೆ ಮೇಲೆ ಹರಿದು ಹೋಗುತ್ತದೆ. 5 ಎಂಎಲ್ ಬಾಟಲಿಯಲ್ಲಿ ಸುಮಾರು 100 ಹನಿ ಬರುತ್ತದೆ, ಎರಡೂ ಕಣ್ಣಿಗೆ ಹಾಕಿದರೆ ಒಂದು ತಿಂಗಳ ಹತ್ತಿರ. ತೆರೆದು ಒಂದು ತಿಂಗಳಾದ ಮೇಲೆ ಉಳಿದಿದ್ದರೂ ಎಸೆಯಬೇಕು. ನಾನು ತೆರೆದ ತಾರೀಖನ್ನು ಮಾರ್ಕಿಂಗ್ ಪೆನ್ನಲ್ಲಿ ಬಾಟಲಿ ಮೇಲೆ ಬರೆದಿಡುತ್ತೇನೆ. ಅಂಗಡಿಗೆ ಬರುವ ಕಾಲೇಜು ಹುಡುಗಿಯರಿಗೂ ಒಂದು ಮಾತು ಹೇಳುತ್ತಿರುತ್ತೇನೆ: ಕಾಂಟಾಕ್ಟ್ ಲೆನ್ಸ್ ತೆಗೆದೇ ಹಾಕಿ, ಹಾಕಿ 10 ನಿಮಿಷ ಆದ ಮೇಲೆ ಲೆನ್ಸ್ ಇಡಿ. ಸಾಮಾನ್ಯವಾಗಿ ಇದರಲ್ಲಿ ಬೆಂಜಾಲ್ಕೋನಿಯಂ ಅನ್ನುವ ಪ್ರಿಸರ್ವೇಟಿವ್ ಇರುತ್ತದೆ, ಮೆತ್ತನೆ ಲೆನ್ಸ್ ಅದನ್ನು ಹೀರಿಕೊಳ್ಳುತ್ತದೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ತಂಗಿ ಮಗನ ವಿಷಯದಲ್ಲಿ. ಬೇಸಿಗೆ ಬಂದರೆ ಅವನಿಗೂ ಕಣ್ಣು ಕೆಂಪು, ಯಾವಾಗಲೂ ಉಜ್ಜುತ್ತಿರುತ್ತಾನೆ. ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ, "ಅಕ್ಕಾ, ಇದು ಹಾಕಿ, ಒಂದೇ ದಿನಕ್ಕೆ ಬೆಳ್ಳಗಾಗುತ್ತೆ" ಅಂತ ಚೀಟಿ ಇಲ್ಲದೇ ಡೆಕ್ಸಾಮೆಥಸೋನ್ ಇರುವ ಡ್ರಾಪ್ಸ್ ಕೈಗಿಟ್ಟರು. ಅದು ಸ್ಟೀರಾಯ್ಡ್. ಕೆಂಪು ಬೇಗ ಹೋಗುತ್ತದೆ, ಸುಳ್ಳಲ್ಲ. ಆದರೆ ಡಾಕ್ಟರ್ ಕಣ್ಣಿಡದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಕಣ್ಣಿನ ಪೊರೆಯೂ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಆಡುವ ಮಗುವಿನ ಕಣ್ಣು ಅದು, ಅಲ್ವಾ? ಅಲ್ಲೇ ವಾಪಸ್ ಕೊಟ್ಟು ಬಂದೆ.

ಅವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವನಿಗೂ ಒಲೊಪಟಡಿನ್ನೇ ಬರೆದರು. ಕಣ್ಣು ಉಜ್ಜುವುದನ್ನು ಬಿಡಿಸಲೇಬೇಕು, ವರ್ಷಗಟ್ಟಲೆ ಉಜ್ಜಿದರೆ ಕರಿಗುಡ್ಡೆ ಮೇಲಿನ ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಚಾಚಿಕೊಳ್ಳುವ ಕಾಯಿಲೆಗೆ ದಾರಿಯಾಗುತ್ತದೆ ಅಂದರು. ಈಗ ನವೆ ಬಂದರೆ ತಂಗಿ ಅವನ ಕಣ್ಣಿಗೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡುತ್ತಾಳೆ.

ಅಲರ್ಜಿಯ ನವೆಗೆ ಈ ಡ್ರಾಪ್ಸ್‌ಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ಮಂಜಾದರೆ, ಕೀವಿನಂಥ ಪಿಸುರು ಬಂದರೆ ಇದನ್ನು ಹಾಕುತ್ತಾ ಕೂರಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.