ಎಂಟನೇ ತರಗತಿಗೆ ಪೇಟೆಯ ಹೆಸರಾಂತ ಶಾಲೆಯೋ, ಹತ್ತರವರೆಗೆ ಊರ ಶಾಲೆಯೋ?

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟಿನ ಲೆಕ್ಕದಲ್ಲಿ ಶಾಲೆಯ ಹೆಸರಿಗೆ ಒಂದು ಅಂಕವೂ ಇಲ್ಲ, ಎಸ್ಸೆಸ್ಸೆಲ್ಸಿ ಅಂಕವೂ ಬರುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಿಂದ ಶೇ 50, ಸಿಇಟಿಯಿಂದ ಶೇ 50. ವೈದ್ಯಕೀಯಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ನೀಟ್ ಮಾತ್ರ.

ಪೇಟೆ ಶಾಲೆಯಲ್ಲಿ ಸಿಗುವುದು ಒಳ್ಳೆಯ ಗಣಿತ ಬುನಾದಿ, ಪೈಪೋಟಿಯ ವಾತಾವರಣ. ಕಳೆದುಕೊಳ್ಳುವುದನ್ನು ಮಾತ್ರ ಹಲವರು ಸೀಟು ಹಂಚುವ ಕೌನ್ಸೆಲಿಂಗ್ ಹೊತ್ತಿಗೇ ತಿಳಿಯುತ್ತಾರೆ: ಒಂದರಿಂದ ಹತ್ತರವರೆಗೆ ಪೂರ್ತಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗಿರುವ ಶೇ 15 ಗ್ರಾಮೀಣ ಮೀಸಲಾತಿ. ಎಂಟರಲ್ಲಿ ಪೇಟೆಗೆ ಹೋದರೆ ಹಿಂದಿನ ಏಳು ವರ್ಷಕ್ಕೆ ಬೆಲೆಯಿಲ್ಲ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರ ಶೇ 5 ಕೂಡ ಹಾಗೆಯೇ, ಇಂಗ್ಲಿಷ್ ಮಾಧ್ಯಮಕ್ಕೆ ಹಾರಿದರೆ ಹೋಯಿತು.

ಊರ ಶಾಲೆಯ ದೌರ್ಬಲ್ಯ ವಿಜ್ಞಾನ, ಗಣಿತ ಶಿಕ್ಷಕರ ಕೊರತೆ. ಅದಕ್ಕೆ ಸಂಜೆ ಪಾಠ ಹುಡುಕಿ. ಗ್ರಾಮೀಣ, ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಮಾಡಿಸಿಡಿ.

ಹೆಸರಿಗಾಗಿ ಹಣ ಸುರಿಯುವುದಾದರೆ ಪಿಯುಸಿಗೆ ಸುರಿಯಿರಿ ಎಂಬುದು ನಮ್ಮ ಅಭಿಪ್ರಾಯ. ಆಗ ಮೀಸಲಾತಿ ಕೈತಪ್ಪುವುದಿಲ್ಲ. ಅಲ್ಲೂ ಬೋರ್ಡ್ ಫಲಿತಾಂಶದ ಫ್ಲೆಕ್ಸ್ ನೋಡಬೇಡಿ, ಸಿಇಟಿ ತಯಾರಿ ಕೇಳಿ. ಮೂರೂ ಸೇರಿ 300ಕ್ಕೆ ನಡೆಯುವ ಪಿಯು ವಿಷಯಗಳಲ್ಲಿ ಒಂದು ಅಂಕ ಅಂತಿಮ ನೂರರಲ್ಲಿ ಸುಮಾರು 0.17 ಆದರೆ, 180ರ ಸಿಇಟಿಯಲ್ಲಿ ಒಂದು ಅಂಕ 0.28. ಪಿಯುಸಿಯಲ್ಲಿ 285, ಸಿಇಟಿಯಲ್ಲಿ 90 ಬಂದವರಿಗೆ 72.5, 270 ಮತ್ತು 117 ಬಂದವರಿಗೆ 77.5.