ಬಾಣ ಅಕ್ಷರಕ್ಕೆ ಅಂಟಿಕೊಂಡಿದೆಯೇ ನೋಡಿ, ಆಮೇಲೆ ಅಚ್ಚಿಗೆ ಕೊಡಿ

ಮುಂಬಯಿಯಲ್ಲಿ ಕನ್ನಡದ ಗಣಿತ, ವಿಜ್ಞಾನ ಪುಸ್ತಕಗಳನ್ನು ಅಚ್ಚು ಹಾಕಿಸುವವರು, ಸದಿಶಗಳ (ಪ್ರಮಾಣದ ಜೊತೆ ದಿಕ್ಕೂ ಇರುವ ರಾಶಿಗಳ, ಅಂದರೆ ವೆಕ್ಟರ್‌ಗಳ) ಮೇಲಿನ ಬಾಣದ ಗುರುತನ್ನು ಡಿಟಿಪಿಯವರು ಹೇಗೆ ಹಾಕುತ್ತಾರೆಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಜೂನಿಯರ್ ಕಾಲೇಜು ಸೇರಿದ ಮಕ್ಕಳಿಗೆಂದು ನಮ್ಮ ಬಳಗ ಸಿದ್ಧಪಡಿಸಿದ ಭೌತಶಾಸ್ತ್ರದ ಕೈಪಿಡಿ ದಾದರಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೆಟ್ಟದ್ದು ಈ ಬಾಣಗಳಿಂದಲೇ.

ಪ್ರೂಫಿನಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಅಲ್ಲಿನ ಬಾಣಗಳು ಅಕ್ಷರದ ಭಾಗವಾಗಿರದೆ, ಒಂದೊಂದೂ ಬೇರೆಯಾಗಿ ಎಳೆದು ಪುಟದ ಮೇಲೆ ಇರಿಸಿದ ಗೆರೆಗಳಾಗಿದ್ದವು. ಪುಟ ಉಳಿಸಲೆಂದು ಅಂಗಡಿಯವರು ನಮ್ಮನ್ನು ಕೇಳದೆ ಅಕ್ಷರದ ಗಾತ್ರ ಇಳಿಸಿದಾಗ ಸಾಲುಗಳು ಸರಿದವು, ಬಾಣಗಳು ಇದ್ದಲ್ಲೇ ಉಳಿದವು. ನ್ಯೂಟನ್ನನ ಎರಡನೆಯ ನಿಯಮದಲ್ಲಿ ಬಲದ ಮೇಲೂ ವೇಗೋತ್ಕರ್ಷದ ಮೇಲೂ ಇರಬೇಕಾದ ಬಾಣ, ದಿಕ್ಕೇ ಇಲ್ಲದ ದ್ರವ್ಯರಾಶಿಯ ಮೇಲೆ ಹೋಗಿ ಕುಳಿತಿತ್ತು. ಕಾಗುಣಿತದ ತಪ್ಪನ್ನು ಓದುವವರು ತಾವೇ ತಿದ್ದಿಕೊಂಡಾರು. ಸದಿಶವೆಂದರೇನೆಂದು ಮೊದಲ ಸಲ ಕಲಿಯುತ್ತಿರುವ ಹುಡುಗಿ ಇದನ್ನು ಹೇಗೆ ತಿದ್ದಿಕೊಳ್ಳಬೇಕು?

ಪದದ ಕೆಳಗೆ ಹಾಕಿದ ಬಾಣಗಳ ಪಾಡು ಇನ್ನೂ ಕೆಟ್ಟದು. ‘ದಿಕ್ಕು’, ‘ಶಕ್ತಿ’ ಮೊದಲಾದ ಪದಗಳ ಒತ್ತಕ್ಷರಗಳನ್ನು ಗೆರೆ ಸೀಳಿಕೊಂಡು ಹೋಗಿತ್ತು. (ಮರಾಠಿಗೆ ಒಗ್ಗಿದ ಕೈಗೆ ಅಕ್ಷರದ ಕೆಳಗೆ ಅಷ್ಟು ಜಾಗ ಬಿಡಬೇಕೆಂದು ತೋಚುವುದಿಲ್ಲ.) ತಕರಾರು ಮಾಡಿದ ಮೇಲೆ ಅವರು ಯೂನಿಕೋಡಿನ ಜೋಡಣೆ ಬಾಣಗಳನ್ನು (ಹಿಂದಿನ ಅಕ್ಷರಕ್ಕೇ ಅಂಟಿಕೊಳ್ಳುವ ಚಿಹ್ನೆಗಳನ್ನು), ಅಂದರೆ ಮೇಲಿನದಕ್ಕೆ 20ಡಿ7, ಕೆಳಗಿನದಕ್ಕೆ 20ಇಎಫ್ ಸಂಕೇತವನ್ನು ಬಳಸಿದರು. ನಮ್ಮ ಪುಸ್ತಕದ ಕನ್ನಡ ಫಾಂಟಿನಲ್ಲಿ ಅವು ಇಲ್ಲದ್ದರಿಂದ ಬಾಣದ ಬದಲು ಖಾಲಿ ಚೌಕಗಳು ಬಂದವು.

ಆಜ್ಞೆಗಳನ್ನು ಬರೆದು ಪುಟ ಜೋಡಿಸುವ ಲೇಟೆಕ್ ತಂತ್ರಾಂಶದಲ್ಲಿ ಕೆಲಸ ಮಾಡುವವರು ಸಿಕ್ಕರೆ ಈ ತೊಂದರೆ ಬಹುಪಾಲು ತಪ್ಪುತ್ತದೆ, ಏಕೆಂದರೆ ಅಲ್ಲಿ ಬಾಣವು ತಾನು ಸೇರಿದ ಅಕ್ಷರದೊಂದಿಗೇ ಚಲಿಸುತ್ತದೆ. ಆದರೂ ಅವರು ಯಾವ ಆಜ್ಞೆ ಬಳಸುತ್ತಾರೆಂದು ಕೇಳಿ: ‘ವೆಕ್’ ಆಜ್ಞೆಯ ಬಾಣ ಗಿಡ್ಡವಾಗಿದ್ದು ಹಿಗ್ಗುವುದಿಲ್ಲವಾದ್ದರಿಂದ ಒಂದೇ ಅಕ್ಷರಕ್ಕೆ ಮಾತ್ರ ಸರಿ, ಎರಡು ಬಿಂದುಗಳನ್ನು ಜೋಡಿಸುವ, ಹಾಗಾಗಿ ಎರಡು ಅಕ್ಷರಗಳಲ್ಲಿ ಬರೆಯುವ ಸದಿಶಕ್ಕೆ ‘ಓವರ್‌ರೈಟ್‌ಆರೋ’ ಬೇಕು. ಕೆಳಗಿನ ಬಾಣಕ್ಕೆ, ಲೇಟೆಕ್‌ಗೆ ಸೇರಿಸಿಕೊಳ್ಳುವ ಎಎಂಎಸ್‌ಮ್ಯಾಥ್ ಪ್ಯಾಕೇಜಿನ ‘ಅಂಡರ್‌ರೈಟ್‌ಆರೋ’ ಇದೆ. ಇವೆಲ್ಲ ಗಣಿತದ ಆಜ್ಞೆಗಳಾದ್ದರಿಂದ ಒಳಗಿನ ಕನ್ನಡ ಪದವನ್ನು ‘ಟೆಕ್ಸ್ಟ್’ ಆಜ್ಞೆಯಲ್ಲಿ ಇಡಬೇಕು. ವರ್ಡ್ ಬಳಸುವವರಾದರೆ ಅದರ ಸಮೀಕರಣದ ಸೌಲಭ್ಯದಲ್ಲೇ ಬಾಣ ಹಾಕಲಿ, ಚಿತ್ರ ಎಳೆಯುವ ಸಲಕರಣೆಯಿಂದ ಬೇಡ.

ಪಿಡಿಎಫ್ ಪ್ರೂಫ್ ನೋಡಿ ಒಪ್ಪಿಗೆ ಕೊಡಬೇಡಿ. ಮೂಲ ಕಡತವನ್ನು ನಿಮ್ಮೆದುರೇ ತೆರೆಸಿ, ಒಂದು ಪುಟದ ಅಕ್ಷರಗಾತ್ರವನ್ನು ಬದಲಾಯಿಸಲು ಹೇಳಿ. ಬಾಣ ಅಕ್ಷರದ ಜೊತೆ ಬಾರದೆ ಹಿಂದೆ ಉಳಿದರೆ ಬೇರೆ ಅಂಗಡಿ ನೋಡಿಕೊಳ್ಳಿ.