ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್: ಮೈಸೂರಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಈ ವಿಮರ್ಶೆ 2014ರ ಮಾದರಿಯ ಪೋರ್ಷೆ ಕೇಮನ್ ಎಂಬ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರಿನದು. ಬೆಂಗಳೂರಿನ ಮೊದಲ ಮಾಲೀಕರಿಂದ ಕೊಂಡ ಈ ಕಾರನ್ನು ಕುವೆಂಪುನಗರದ ಮನೆಯಲ್ಲಿಟ್ಟುಕೊಂಡು ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಹೊಸದಾಗಿ ರಸ್ತೆಗಿಳಿದಾಗ ಕೋಟಿಯ ಆಸುಪಾಸಿನಲ್ಲಿದ್ದ ಇಂಥ ಕಾರು ಹತ್ತು ವರ್ಷ ದಾಟುವ ಹೊತ್ತಿಗೆ ಒಂದು ಹೊಸ ದೊಡ್ಡ ಎಸ್‌ಯುವಿಯ ಬೆಲೆಗೆ ಇಳಿದಿರುತ್ತದೆ. ಆದ್ದರಿಂದಲೇ ಕೊಳ್ಳಬಹುದೇ ಎಂದು ಕೇಳುವವರು ಹೆಚ್ಚಾಗಿದ್ದಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಬಹುದು. ಆದರೆ ಎಲ್ಲರೂ ಹುಡುಕುವಂತೆ ಕಡಿಮೆ ಕಿಲೋಮೀಟರ್ ಓಡಿರುವ ಕಾರನ್ನು ಹುಡುಕಿಕೊಂಡು ಹೋಗಬಾರದು. ಬಿಡದೆ ಓಡಿರುವ, ಪ್ರತಿ ಸರ್ವಿಸ್‌ಗೂ ಬಿಲ್ಲು ಇರುವ ಕಾರನ್ನು ಹುಡುಕಬೇಕು.

ಯಾವ ಪೀಳಿಗೆಯ ಕಾರು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳುವುದು ಒಳ್ಳೆಯದು. 2008ರವರೆಗಿನ ಕೇಮನ್ ಮತ್ತು ಅದರದೇ ತೆರೆದ ಛಾವಣಿಯ ರೂಪವಾದ ಬಾಕ್ಸ್‌ಸ್ಟರ್ ಕಾರುಗಳ ಎಂಜಿನ್ನಿನೊಳಗೆ, ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸಲು ನಡುವೆ ಒಂದು ಶಾಫ್ಟ್ ಇದೆ. ಅದರ ಒಂದು ತುದಿಯ ಬೇರಿಂಗ್ ಸವೆದು ಒಡೆದರೆ ಲೋಹದ ಚೂರುಗಳು ಆಯಿಲ್ ಜೊತೆ ಎಲ್ಲೆಡೆ ಹರಡಿ ಇಡೀ ಎಂಜಿನ್ ಹಾಳಾಗುತ್ತದೆ. ಎಲ್ಲ ಕಾರುಗಳಲ್ಲೂ ಹೀಗಾಗುವುದಿಲ್ಲವಾದರೂ, ಆದದ್ದು ನಮ್ಮ ಕಾರಿಗೇ ಆದರೆ ಆ ಸಮಾಧಾನದಿಂದ ಏನೂ ಪ್ರಯೋಜನವಿಲ್ಲ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. 2012ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಪ್ರದರ್ಶನದಲ್ಲಿ ಅನಾವರಣಗೊಂಡ, 981 ಎಂದು ಕರೆಯಲಾಗುವ ಕೇಮನ್ ಇದೇ ಎಂಜಿನ್ ವಂಶದ್ದು. ನನ್ನದು 2.7 ಲೀಟರಿನ, ಟರ್ಬೊ ಇಲ್ಲದ ಆರು ಸಿಲಿಂಡರ್, 275 ಅಶ್ವಶಕ್ತಿಯದು. ಎಸ್ ಮಾದರಿಯಲ್ಲಿ 3.4 ಲೀಟರ್, 325 ಅಶ್ವಶಕ್ತಿ. 2016ರಲ್ಲಿ 718 ಎಂಬ ಹೆಸರಿನೊಂದಿಗೆ ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್ ಬಂದಿತು. ಅದರ ಎಳೆತ ಜಾಸ್ತಿಯೇ, ಆದರೆ ಆರು ಸಿಲಿಂಡರಿನ ದನಿ ಅದಕ್ಕಿಲ್ಲ. ಆಡಿ ಟಿಟಿ, ಮರ್ಸಿಡಿಸ್ ಎಸ್‌ಎಲ್‌ಕೆ, ಬಿಎಂಡಬ್ಲ್ಯು ಝಡ್4 ಕಾರುಗಳನ್ನೂ ಓಡಿಸಿ ನೋಡಿದ್ದೆ. ಎಲ್ಲವೂ ಒಳ್ಳೆಯವೇ, ಆದರೆ ಅವು ಮುಂದುಗಡೆ ಎಂಜಿನ್ ಇರುವ ಕಾರುಗಳು, ನನಗೆ ಬೇಕಾದದ್ದು ಕೇಮನ್‌ನಂತೆ ಸೀಟಿನ ಬೆನ್ನಿಗೇ ಎಂಜಿನ್ ಇರುವ ಕಾರು.

ಕೊಳ್ಳುವ ಮುನ್ನ ಕೊನೆಯವರೆಗೆ ಉಳಿದವು ಎರಡು ಕಾರುಗಳು. ಒಬ್ಬ ವ್ಯಾಪಾರಿಯ ಬಳಿಯಿದ್ದ ಮೊದಲನೆಯದು 19,000 ಕಿಲೋಮೀಟರ್ ಮಾತ್ರ ಓಡಿತ್ತು, ಬಣ್ಣಕ್ಕೆ ಗೀರಿಲ್ಲ, ಸೀಟು ಹೊಸದರಂತೆಯೇ ಇತ್ತು. ಎರಡನೆಯದು 52,000 ಕಿಲೋಮೀಟರ್ ಓಡಿದ್ದು, ಮುಂದಿನ ಬಂಪರಿಗೆ ಕಲ್ಲು ಸಿಡಿದ ಚುಕ್ಕೆಗಳು, ಚಾಲಕನ ಸೀಟಿನ ಅಂಚು ಸವೆದಿತ್ತು. ಪರೀಕ್ಷೆಗೆಂದು ಜೊತೆಗೆ ಕರೆದೊಯ್ದಿದ್ದ ಮೆಕ್ಯಾನಿಕ್ ಮೊದಲನೆಯ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, "ಕಿಲೋಮೀಟರ್ ಆಮೇಲೆ ನೋಡಿ ಸಾರ್, ಮೊದ್ಲು ಟೈರ್ ಡೇಟ್ ನೋಡಿ" ಎಂದರು. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ನಾಲ್ಕಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅಲ್ಲಿ 3113 ಎಂದಿತ್ತು, ಅಂದರೆ 2013ರ ಮೂವತ್ತೊಂದನೆಯ ವಾರ. ಮೇಲಿನ ಹಲ್ಲುಗಳು ಚೆನ್ನಾಗಿದ್ದರೂ ಉಗುರು ಒತ್ತಿದರೆ ಇಳಿಯದಷ್ಟು ರಬ್ಬರ್ ಗಟ್ಟಿಯಾಗಿತ್ತು, ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತಿದ್ದವು. ನಿಂತ ಕಾರಿನಲ್ಲಿ ಟೈರಿಗೆ ಆಗುವುದೇ ಕೂಲೆಂಟ್ ಪೈಪು, ಎಂಜಿನ್ ಮೌಂಟು, ಬಾಗಿಲಿನ ಬೀಡಿಂಗ್, ಸಸ್ಪೆನ್ಷನ್ ಬುಷ್ ಎಲ್ಲಕ್ಕೂ ಆಗುತ್ತದೆ. ಅವುಗಳ ಮೇಲೆ ಮಾತ್ರ ತಾರೀಕು ಅಚ್ಚಾಗಿರುವುದಿಲ್ಲ.

ಆದರೆ ನನ್ನ ನಿರ್ಧಾರ ಗಟ್ಟಿಯಾದದ್ದು ಟೈರಿನಿಂದಲ್ಲ, ಎಂಜಿನ್ ಕಂಪ್ಯೂಟರಿನಿಂದ. ಪೋರ್ಷೆಯ ತಪಾಸಣಾ ಯಂತ್ರವನ್ನು ಜೋಡಿಸಿದರೆ ಎಂಜಿನ್ ಒಟ್ಟು ಎಷ್ಟು ಗಂಟೆ ಚಾಲನೆಯಲ್ಲಿತ್ತು ಎಂಬ ಲೆಕ್ಕ ಸಿಗುತ್ತದೆ. ಮಿತಿ ಮೀರಿದ ವೇಗದಲ್ಲಿ ಎಂಜಿನ್ ತಿರುಗಿದ್ದರೆ ಅದು ಎಷ್ಟನೆಯ ಗಂಟೆಯಲ್ಲಿ ಎಂಬುದೂ ಆರು ಹಂತಗಳಲ್ಲಿ ದಾಖಲಾಗಿರುತ್ತದೆ. ಓಡಿದ ಕಿಲೋಮೀಟರನ್ನು ಈ ಗಂಟೆಗಳಿಂದ ಭಾಗಿಸಿದರೆ ಕಾರಿನ ಜೀವಮಾನದ ಸರಾಸರಿ ವೇಗ ಬರುತ್ತದೆ. 52,000 ಕಿಲೋಮೀಟರಿನ ಕಾರಿನಲ್ಲಿ ಸುಮಾರು 1,700 ಗಂಟೆ ಇತ್ತು, ಅಂದರೆ ಗಂಟೆಗೆ ಮೂವತ್ತು ಕಿಲೋಮೀಟರಿನ ಮೇಲೆ; ವಾರದ ದಿನ ಬೆಂಗಳೂರಿನಲ್ಲೂ ರಜೆಯಲ್ಲಿ ಹೆದ್ದಾರಿಯಲ್ಲೂ ಓಡಿದ ಕಾರಿಗೆ ಇದು ಒಪ್ಪುವ ಅಂಕಿ. 19,000 ಕಿಲೋಮೀಟರಿನ ಕಾರಿನಲ್ಲಿ 1,600 ಗಂಟೆ! ಗಂಟೆಗೆ ಹನ್ನೆರಡು ಕಿಲೋಮೀಟರ್. ಒಂದೋ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ, ಇಲ್ಲವೇ ಆ ಎಂಜಿನ್ ತನ್ನ ಆಯುಷ್ಯದ ಬಹುಭಾಗವನ್ನು ನಿಂತಲ್ಲೇ ಉರಿದು ಕಳೆದಿದೆ. ಯಾವುದು ನಿಜವಾದರೂ ನನಗೆ ಬೇಡವಾಗಿತ್ತು. ವ್ಯಾಪಾರಿಗೆ ಈ ಲೆಕ್ಕ ತೋರಿಸಿದಾಗ ಬೆಲೆಯಲ್ಲಿ ಎರಡು ಲಕ್ಷ ಇಳಿಸುವುದಾಗಿ ಹೇಳಿದರೇ ಹೊರತು ವಿವರಣೆ ಕೊಡಲಿಲ್ಲ. ಈ ತಪಾಸಣೆಗೆ ತಗಲುವ ಕೆಲವು ಸಾವಿರ ರೂಪಾಯಿಯನ್ನು ಉಳಿಸಲು ಹೋಗುವವರು ಈ ಜಾತಿಯ ಕಾರಿನ ಆಸೆಯನ್ನೇ ಬಿಡುವುದು ಲೇಸು. ತಪಾಸಣೆಗೆ ಕೊಡಲು ಒಪ್ಪದ ಮಾರಾಟಗಾರನ ಬಳಿ ಮಾತು ಮುಂದುವರಿಸುವ ಅಗತ್ಯವೂ ಇಲ್ಲ.

ಪಿಡಿಕೆ ಎಂಬ, ತಾನೇ ಗೇರ್ ಬದಲಿಸುವ ಏಳು ಗೇರಿನ ಗೇರ್‌ಬಾಕ್ಸ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಳಕೆಯಲ್ಲಿ ಅದಕ್ಕಿಂತ ಚೆನ್ನಾದದ್ದನ್ನು ನಾನು ಕಂಡಿಲ್ಲ. ಕೆಟ್ಟರೆ ಮಾತ್ರ ಕಷ್ಟ: ಒಳಗಿನ ಒಂದು ಸೆನ್ಸರ್ ಹೋದರೂ ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕೆಂಬುದು ಕಂಪನಿ ವರ್ಕ್‌ಶಾಪುಗಳ ಬಹುಕಾಲದ ರೂಢಿಯಾಗಿತ್ತು, ಅದರ ಖರ್ಚು ಲಕ್ಷಗಳಲ್ಲಿ. ಪರೀಕ್ಷೆಯಲ್ಲಿ ಓಡಿಸುವಾಗ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ದಟ್ಟಣೆಯಲ್ಲಿ ನಿಧಾನವಾಗಿ ತೆವಳಿಸಿ, ರಿವರ್ಸ್ ಹಾಕಿ, ಮೊದಲೆರಡು ಗೇರುಗಳ ನಡುವೆ ಜಗ್ಗುತ್ತದೆಯೇ ಎಂದು ನೋಡಬೇಕು. ಖಾಲಿ ರಸ್ತೆಯಲ್ಲಿ ಜೋರಾಗಿ ಓಡಿಸಿ ತೃಪ್ತರಾಗುವವರಿಗೆ ಈ ದೋಷ ಕಾಣುವುದೇ ಇಲ್ಲ.

ಕಾಗದಪತ್ರಗಳ ವಿಷಯದಲ್ಲಿ ಕರ್ನಾಟಕದ ನೋಂದಣಿಯ ಕಾರನ್ನೇ ಕೊಳ್ಳುವುದು ಸುಲಭ. ದೆಹಲಿಯಲ್ಲಿ ಪೆಟ್ರೋಲ್ ಕಾರುಗಳಿಗೆ ಹದಿನೈದು ವರ್ಷದ ಮಿತಿ ಹೇರಿದ್ದರಿಂದ ಅಲ್ಲಿಯ ಬೆಲೆಗಳು ಆಕರ್ಷಕವಾಗಿ ಕಾಣುತ್ತವೆ. ಆದರೆ ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಮರುನೋಂದಣಿ ಮಾಡಿಸಿ, ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಿದ ಮೇಲೆ ಉಳಿತಾಯ ಎಷ್ಟು ಉಳಿಯುತ್ತದೆಂದು ಮೊದಲೇ ಲೆಕ್ಕ ಹಾಕಬೇಕು. ಐದು ವರ್ಷ ಮೀರಿದ ಕಾರಿನ ವಿಮಾ ಮೌಲ್ಯ ಕಂಪನಿ ಮತ್ತು ಮಾಲೀಕರ ಒಪ್ಪಂದದಿಂದ ನಿಗದಿಯಾಗುವಂಥದ್ದು. ಕಂತು ಕಡಿಮೆಯಾಗಲೆಂದು ಅದನ್ನು ತೀರಾ ಇಳಿಸಿಕೊಂಡರೆ ಅಪಘಾತದ ದಿನ ಒಂದು ಹೆಡ್‌ಲೈಟಿನ ಬೆಲೆಯೇ ನಮ್ಮನ್ನು ನೋಡಿ ನಗುತ್ತದೆ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ಅವರದೇ, ಕಾರಿನೊಂದಿಗೆ ಬರುವುದಿಲ್ಲ.

ಈಗ ಊರಿನ ಮಾತು. ಮೈಸೂರಿನಲ್ಲಿ ಈ ಕಾರಿನ ದೊಡ್ಡ ಶತ್ರು ರಸ್ತೆಯ ಹಂಪ್ ಎಂದು ಎಲ್ಲರೂ ಹೇಳುತ್ತಾರೆ. ಅಡ್ಡಡ್ಡ ಹತ್ತಿಸಿ ನಿಧಾನವಾಗಿ ಇಳಿಸಿದರೆ ಬಹುಪಾಲು ಹಂಪ್‌ಗಳನ್ನು ದಾಟಬಹುದು. ನನಗೆ ಹೆಚ್ಚು ತೊಂದರೆ ಕೊಟ್ಟದ್ದು ನಮ್ಮ ಮನೆಯ ಗೇಟು. ಚರಂಡಿಯ ಮೇಲೆ ಚಪ್ಪಡಿ ಹಾಕಿ ಕಡಿದಾಗಿ ಕಟ್ಟಿದ್ದ ಇಳಿಜಾರಿಗೆ ಕಾರಿನ ಮುಂದಿನ ತುಟಿ ಪ್ರತಿಸಲ ತಾಗುತ್ತಿತ್ತು. ಅದನ್ನು ಒಡೆಸಿ, ಕಾಂಪೌಂಡಿನ ಒಳಕ್ಕೆ ಉದ್ದವಾಗಿ ಎಳೆದು ಹೊಸದಾಗಿ ಕಟ್ಟಿಸಿದೆ. ಎರಡನೆಯ ಶತ್ರು, ಯಾರೂ ಹೇಳದಿರುವುದು, ಮರದ ಎಲೆ. ಈ ಕಾರಿನ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್‌ಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ. ನಮ್ಮ ಸಾಲುಮರದ ರಸ್ತೆಗಳಲ್ಲಿ ಉದುರಿದ ಎಲೆ, ಹೂವು, ಧೂಳು ಅಲ್ಲಿ ಹೊಕ್ಕು ಮಳೆಗಾಲದಲ್ಲಿ ಕೊಳೆತು ಕಂಡೆನ್ಸರನ್ನು ತೂತು ಮಾಡುತ್ತವೆ. ಪ್ರತಿ ಮಳೆಗಾಲದ ಮುಂಚೆ ಬಂಪರ್ ಬಿಚ್ಚಿಸಿ ಸ್ವಚ್ಛ ಮಾಡಿಸುತ್ತೇನೆ. ಮೊದಲ ಸಲ ಎರಡು ಬೊಗಸೆ ಕಸ ಬಂತು. ಕೊಳ್ಳುವ ದಿನ ಮೊಬೈಲಿನ ಟಾರ್ಚ್ ಹಿಡಿದು ಆ ಎರಡು ಬಾಯಿಗಳ ಒಳಗೆ ಇಣುಕಿದರೆ ಹಿಂದಿನ ಮಾಲೀಕರ ಶ್ರದ್ಧೆ ತಿಳಿಯುತ್ತದೆ.

ಸರ್ವಿಸ್‌ಗೆ ಬೆಂಗಳೂರಿಗೇ ಹೋಗಬೇಕು. ಆಯಿಲ್ ಬದಲಾವಣೆ, ಬ್ರೇಕ್ ಪ್ಯಾಡ್‌ನಂಥ ಕೆಲಸಗಳನ್ನು ಇಲ್ಲಿಯೇ ಮಾಡಬಲ್ಲ ಒಳ್ಳೆಯ ಕೈಗಳಿವೆ, ಆದರೆ ಎಂಜಿನ್ ಕಣ್ಣಿಗೆ ಕಾಣುವ ಜಾಗದಲ್ಲಿಲ್ಲ. ಹಿಂದಿನ ಡಿಕ್ಕಿ ತೆರೆದರೆ ಸಿಗುವುದು ಆಯಿಲ್ ಮತ್ತು ಕೂಲೆಂಟ್ ಸುರಿಯುವ ಎರಡು ಮುಚ್ಚಳ ಮಾತ್ರ; ಆಯಿಲ್ ಮಟ್ಟ ನೋಡಲು ಕಡ್ಡಿಯೂ ಇಲ್ಲ, ಪರದೆಯಲ್ಲೇ ನೋಡಬೇಕು. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಆ ಡಿಕ್ಕಿ ತೆರೆಯುವುದು ವಿದ್ಯುತ್ತಿನಿಂದ. ಬ್ಯಾಟರಿ ಪೂರ್ತಿ ಸತ್ತರೆ ಅದನ್ನು ಮುಟ್ಟಲು ಡಿಕ್ಕಿ ತೆರೆಯದು, ಡಿಕ್ಕಿ ತೆರೆಯಲು ಬ್ಯಾಟರಿ ಬೇಕು! ಫ್ಯೂಸ್ ಪೆಟ್ಟಿಗೆಯಲ್ಲಿ ಇದಕ್ಕೆಂದೇ ಹೊರಕ್ಕೆಳೆಯುವ ಒಂದು ತುದಿ ಇದ್ದು, ಹೊರಗಿನ ಬ್ಯಾಟರಿಯನ್ನು ಅದಕ್ಕೆ ಜೋಡಿಸಿದರೆ ಬೀಗ ಬಿಡುತ್ತದೆ. ವಾರಗಟ್ಟಲೆ ನಿಲ್ಲಿಸುವವರು ಚಾರ್ಜರ್ ಇಟ್ಟುಕೊಳ್ಳಬೇಕು. ಸ್ಟೆಪ್ನಿ ಇಲ್ಲ, ಪಂಚರ್ ದ್ರವ ಮತ್ತು ಪುಟ್ಟ ಗಾಳಿ ಪಂಪು ಇವೆ.

ಸಾಮಾನು ಇಡುವ ಜಾಗ ಮಾತ್ರ ನಿರೀಕ್ಷೆಗಿಂತ ಹೆಚ್ಚು, ಮುಂದೆ 150 ಲೀಟರ್, ಹಿಂದೆ 275 ಲೀಟರ್. "ಇಬ್ಬರೇ ಕೂರೋ ಕಾರಿಗೆ ಇಷ್ಟು ದುಡ್ಡಾ ಭಾವ?" ಎಂದಿದ್ದ ಮಂಡ್ಯದ ನನ್ನ ಭಾಮೈದನೇ ಈಗ ಮುಂದಿನ ಡಿಕ್ಕಿಯಲ್ಲಿ 25 ಕೆ.ಜಿ. ಅಕ್ಕಿ ಮೂಟೆ ಇಟ್ಟು ಕಳಿಸುತ್ತಾನೆ. ಹಿಂದಿನ ಡಿಕ್ಕಿ ಎಂಜಿನ್ನಿನ ಬಿಸಿಗೆ ಕಾಯುತ್ತದೆ, ಮೈಸೂರು ಪಾಕ್ ಒಯ್ಯುವವರು ಮುಂದೆ ಇಡಬೇಕು.

ಓಡಿಸುವ ಸುಖದ ವಿಷಯಕ್ಕೆ ಬಂದರೆ, ಗಂಟೆಗೆ 260 ಕಿಲೋಮೀಟರಿಗೂ ಹೆಚ್ಚು ವೇಗ ಮುಟ್ಟಬಲ್ಲ ಕಾರನ್ನು 100ರ ಮಿತಿಯಿರುವ ಬೆಂಗಳೂರು–ಮೈಸೂರು ಹೆದ್ದಾರಿಗೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ಕ್ಯಾಮೆರಾಗಳಿವೆ, ಏಳನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತನ್ನೂ ಮುಟ್ಟದೆ ಮಲಗಿರುತ್ತದೆ. ಅಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತದೆ, ಊರೊಳಗೆ ಏಳು. ಈ ಕಾರಿನ ಗುಣ ತಿಳಿಯುವುದು ಹುಣಸೂರು ದಾಟಿ, ಕುಶಾಲನಗರದಿಂದ ಸುಂಟಿಕೊಪ್ಪದ ಕಡೆಗೆ ತಿರುವುಗಳು ಶುರುವಾದ ಮೇಲೆ. ಎಂಜಿನ್ನಿನ ಭಾರ ಸೀಟಿನ ಬೆನ್ನಿಗೇ ಇರುವುದರಿಂದ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಇಡೀ ಕಾರು ಒಟ್ಟಾಗಿ ತಿರುಗುತ್ತದೆ, ಮೂತಿ ಮೊದಲು ಬಾಲ ಆಮೇಲೆ ಎಂಬ ಭಾವನೆಯೇ ಇಲ್ಲ. ಅರವತ್ತು ಎಪ್ಪತ್ತರ ವೇಗದಲ್ಲೇ ಈ ಸುಖ ಸಿಗುತ್ತದೆ, ದಂಡ ಕಟ್ಟಬೇಕಿಲ್ಲ. ಕೊಟ್ಟ ಹಣಕ್ಕೆ ಬೆಲೆ ಬಂದದ್ದು ನನಗೆ ಇಲ್ಲಿ.

ಖರ್ಚಿನ ಬಗ್ಗೆ ಒಂದು ಅಂದಾಜು ಹೇಳುವುದಾದರೆ, ಕೊಂಡ ಬೆಲೆಯ ಐದನೆಯ ಒಂದು ಭಾಗವನ್ನು ಮೊದಲ ವರ್ಷಕ್ಕೆಂದು ಬೇರೆ ಎತ್ತಿಡಬೇಕು. ಕಾರಿನ ಬೆಲೆ ಇಳಿದಿರಬಹುದು, ಬಿಡಿಭಾಗಗಳದ್ದು ಇಳಿದಿಲ್ಲ. ಅವು ಇಂದಿಗೂ ಕೋಟಿಯ ಕಾರಿನ ಬಿಡಿಭಾಗಗಳೇ. ಸಾಲ ಮಾಡಿ ಕೊಂಡು ಕಂತಿನ ಜೊತೆಗೆ ರಿಪೇರಿಯನ್ನೂ ತೂಗಿಸಬೇಕಾದವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ನನ್ನ ಕಾರಿಗೆ ಈವರೆಗೆ ಆಗಿರುವ ದೊಡ್ಡ ಕೆಲಸಗಳು ನಾಲ್ಕು ಟೈರು, ಬ್ಯಾಟರಿ, ಒಂದು ಎಂಜಿನ್ ಮೌಂಟು ಮತ್ತು ಪಿಡಿಕೆ ಆಯಿಲ್ ಬದಲಾವಣೆ. ಟೈರುಗಳು ಮುಂದೆ 235, ಹಿಂದೆ 265 ಅಗಲದವು. ಪೋರ್ಷೆ ಒಪ್ಪಿದ ಟೈರುಗಳ ಮೇಲೆ ಎನ್ ಅಕ್ಷರದ ಗುರುತಿರುತ್ತದೆ, ಅವು ಮೈಸೂರಿನ ಅಂಗಡಿಗಳಲ್ಲಿ ದಾಸ್ತಾನಿರುವುದಿಲ್ಲ, ಮುಂಗಡ ಕೊಟ್ಟು ತರಿಸಬೇಕು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಬಂಕುಗಳಿಗೂ ಬಂದಿದ್ದು, ಈ ಕಾರು ತಯಾರಾದದ್ದು ಶೇಕಡ 10ರವರೆಗಿನ ಮಿಶ್ರಣಕ್ಕೆ. ಆದ್ದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿಯದಂತೆ ನೋಡಿಕೊಳ್ಳುತ್ತೇನೆ, ಮುಂದಿನ ಸರ್ವಿಸ್‌ನಲ್ಲಿ ಇಂಧನ ಪೈಪುಗಳನ್ನು ಪರೀಕ್ಷಿಸಲು ಬರೆಸಿದ್ದೇನೆ.